ಮಂಗನ ಕಾಯಿಲೆ ಪತ್ತೆಗೆ ಮನುಷ್ಯ, ಮಂಗ, ಉಣುಗು ಮೂರಕ್ಕೂ ಒಂದೇ ಪಿಸಿಆರ್ ಹೇಗೆ ಸಾಕಾಗುತ್ತದೆ?

ಪಿಸಿಆರ್, ಅಂದರೆ ವಂಶವಾಹಿಯ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ಪತ್ತೆಹಚ್ಚುವ ಈ ಪರೀಕ್ಷೆ, ಹುಡುಕುವುದು ಮನುಷ್ಯನ ಅಥವಾ ಮಂಗನ ವಂಶವಾಹಿಯನ್ನಲ್ಲ, ಒಳಗೆ ಸೇರಿದ ವೈರಾಣುವಿನದನ್ನು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ವೈರಾಣುವಿನ ಆನುವಂಶಿಕ ವಸ್ತು ಆರ್‌ಎನ್‌ಎ ಆಗಿರುವುದರಿಂದ, ರೋಗಿಯ ರಕ್ತದಿಂದಾಗಲಿ, ಸತ್ತ ಮಂಗದ ಅಂಗಾಂಶದಿಂದಾಗಲಿ, ತರಗೆಲೆಗಳ ಮೇಲೆ ಬಟ್ಟೆ ಎಳೆದು ಹಿಡಿದ ಎಳ್ಳುಕಾಳಿಗಿಂತ ಚಿಕ್ಕ ಮರಿ ಉಣುಗುಗಳನ್ನು ಅರೆದಾಗಲಿ ಅದನ್ನು ಬೇರ್ಪಡಿಸಿ, ಮೊದಲು ಡಿಎನ್‌ಎಗೆ ಪರಿವರ್ತಿಸುತ್ತಾರೆ. ಆ ವೈರಾಣುವಿಗಷ್ಟೇ ಹೊಂದುವ, ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಣುಕುಗಳಾದ ಪ್ರೈಮರ್‌ಗಳು ಅಂಟಿಕೊಂಡರೆ ಪ್ರತಿ ಸುತ್ತಿನಲ್ಲೂ ನಕಲುಗಳು ಇಮ್ಮಡಿಯಾಗುತ್ತವೆ. 30 ಸುತ್ತಿಗೆ, ತಾತ್ವಿಕವಾಗಿ, ಒಂದೇ ಒಂದು ತುಣುಕಿನ ನಕಲುಗಳು ನೂರು ಕೋಟಿಯನ್ನು ಮೀರುತ್ತವೆ. 95 ಡಿಗ್ರಿ ಸೆಲ್ಸಿಯಸ್‌ಗೆ ಪ್ರತಿ ಸುತ್ತಿನಲ್ಲೂ ಕಾಯಿಸಿದರೂ ಉಳಿದು ಈ ನಕಲು ಮಾಡುವ ಟ್ಯಾಕ್ ಕಿಣ್ವ ಮೂಲತಃ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದ್ದು ಎಂಬುದು ನನಗೆ ಇಂದಿಗೂ ಬೆರಗು. ಜ್ವರದ ಮೊದಲ ದಿನಗಳಲ್ಲೇ ವೈರಾಣು ರಕ್ತದಲ್ಲಿ ಹೆಚ್ಚಾಗಿರುವುದರಿಂದ, ಸೊಪ್ಪು, ದರಗು ತರಲು ಕಾಡಿಗೆ ಹೋಗಿಬಂದವರು ತಡಮಾಡದೆ ರಕ್ತ ಕೊಡಬೇಕು. ಆಮೇಲೆ, ವೈರಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳ ಪರೀಕ್ಷೆಯನ್ನೇ ನೆಚ್ಚಬೇಕಾಗುತ್ತದೆ.