ಕರುಣೆ ಜಾಸ್ತಿ, ಕೆಲಸ ಕಡಿಮೆ

ಪ್ರಿಯ ಸಹೋದರಿ,

ಕಲಬುರಗಿಯ ಆಸ್ಪತ್ರೆಯಲ್ಲಿ ಸಿಸ್ಟರುಗಳ, ಅಂದ್ರೆ ಕ್ಯಾಥೊಲಿಕ್ ಸನ್ಯಾಸಿನಿಯರ ಸೇವೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ನೀವಿನ್ನೂ ಪೋಸ್ಟುಲೆಂಟ್ (ಸಿಸ್ಟರ್ ಆಗೋಕೆ ಸೇರಿ ಮೊದಲ ಹಂತದಲ್ಲಿರುವವರು), ಮುಂದಿನ ವರ್ಷ ನೊವಿಶಿಯೇಟಿಗೆ (ವ್ರತಕ್ಕೆ ಮುಂಚಿನ ತರಬೇತಿಗೆ) ಹೋಗುವವರು ಅಂತ ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ಲೇಖನ ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಇದೆ. ಬೇರೆ ಹೊಸಬರಿಗೂ ಉಪಯೋಗವಾಗಲಿ ಅಂತ ನಿಮ್ಮ ಹೆಸರು ಬಿಟ್ಟು ಉತ್ತರವನ್ನು ಇಲ್ಲೇ ಕೊಡುತ್ತಿದ್ದೇನೆ.

ಮೊದಲ ಪುಟದ ತುಂಬ ‘ಕರುಣಾಮಯಿ’, ‘ತ್ಯಾಗಮೂರ್ತಿ’, ‘ನಿಸ್ವಾರ್ಥ ಸೇವೆ’. ಸನ್ಮಾನ ಪತ್ರಕ್ಕೆ ಇವು ಸರಿ. ಸಿಸ್ಟರ್ ಏನು ಮಾಡಿದರು ಅನ್ನೋದೇ ಕಾಣುವುದಿಲ್ಲ. ರಾತ್ರಿ ಪಾಳಿಯಲ್ಲಿ ಎಷ್ಟು ಹಾಸಿಗೆ ನೋಡ್ತಾರೆ? ಬೆಳಗಿನ ಬಲಿಪೂಜೆಗೆ (ಚರ್ಚಿನ ಮಾಸ್‌ಗೆ) ಹೋಗುವಾಗ ವಾರ್ಡನ್ನು ಯಾರ ಕೈಗೆ ಬಿಡ್ತಾರೆ? ನೀವು ಅಲ್ಲೇ ಇದ್ದವರು, ನಿಮಗೆ ಗೊತ್ತು. ನಮಗೆ ಗೊತ್ತಿಲ್ಲ.

ಈಗ ಮೂರನೇ ಪುಟದ ಅಜ್ಜಿಗೆ ಬರೋಣ. ಚಿಂಚೋಳಿ ಕಡೆಯವಳು, ಗರ್ಭಕೋಶದ ಆಪರೇಷನ್ನಿಗೆ ಬಂದವಳು. ತೋಳಿನಲ್ಲಿ ಬಂದೇನವಾಜ್ ದರ್ಗಾದಿಂದ ತಂದ ತಾಯಿತ. ಆಪರೇಷನ್ ಥಿಯೇಟರಿಗೆ ಒಯ್ಯುವ ಮೊದಲು ಮೈಮೇಲಿನದೆಲ್ಲ ತೆಗೆಯಬೇಕು, ಅಜ್ಜಿ ಒಪ್ಪೋದಿಲ್ಲ. ಸಿಸ್ಟರ್ ಕತ್ತರಿ ತರಲಿಲ್ಲ. ಕೂತು ಗಂಟು ಬಿಚ್ಚಿದರು, ಗಾಜ್ ಬಟ್ಟೆಯಲ್ಲಿ ಸುತ್ತಿದರು, ಪ್ಲಾಸ್ಟರ್ ಅಂಟಿಸಿ ಮೇಲೆ ಅಜ್ಜಿಯ ಹೆಸರು ಬರೆದು ಸೊಸೆಯ ಕೈಗೆ ಕೊಟ್ಟರು. ಮರುದಿನ ತಾವೇ ಕಟ್ಟಿದರು. ಇದನ್ನು ನೀವು ಐದೇ ಸಾಲಿನಲ್ಲಿ ಬರೆದಿದ್ದೀರಿ, ಒಂದು ಪದವೂ ಜಾಸ್ತಿ ಇಲ್ಲ. ಆದರೆ ಆರನೇ ಸಾಲು ‘ಇದೇ ನಿಜವಾದ ಕ್ರಿಸ್ತನ ಪ್ರೀತಿ’. ಅದನ್ನು ಹೊಡೆದುಹಾಕಿ. ಓದುಗರಿಗೆ ಅರ್ಥವಾಗಿದೆ.

ಕೊನೆಯಲ್ಲಿ ‘ನಾವು ಮತಾಂತರ ಮಾಡುವುದಿಲ್ಲ’ ಅಂತ ಅರ್ಧ ಪುಟ ವಾದ ಮಾಡಿದ್ದೀರಿ. ಕೆಲವರ ಮನಸ್ಸಿನಲ್ಲಿ ಆ ಪ್ರಶ್ನೆ ಇರುತ್ತೆ, ನಿಜ. ವಾದ ಓದಿ ಯಾರೂ ಮನಸ್ಸು ಬದಲಿಸೋದಿಲ್ಲ. ಆ ತಾಯಿತ ಮತ್ತೆ ತೋಳಿಗೆ ಹೋಯಿತಲ್ಲ, ಅಷ್ಟು ಸಾಕು.

ಅದೇ ಅಜ್ಜಿ ಮುಂದೆ ‘ಸಹೋದರಿ, ನನ್ನ ವೇದನೆಯನ್ನು ನಿವಾರಿಸಿ’ ಅನ್ನುತ್ತಾಳೆ. ಚಿಂಚೋಳಿಯ ಅಜ್ಜಿ! ‘ಅಕ್ಕೋರೆ, ಹೊಟ್ಟಿ ಭಾಳ ಕಡಿಲತ್ತದ್ರಿ’ ಅಂದಿರುತ್ತಾಳೆ ಅಲ್ವಾ? ಹಾಗೇ ಬರೆಯಿರಿ.

ಎರಡನೇ ಪುಟದಲ್ಲಿ ಇತಿಹಾಸ ಗುಡ್ಡೆ ಬಿದ್ದಿದೆ. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ (ಬಿಷಪ್ ಒಬ್ಬರ ಆಡಳಿತದ ಪ್ರದೇಶ) ಆಗಿದ್ದು, ಆಸ್ಟ್ರೇಲಿಯಾದ ಡಾಕ್ಟರ್ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು ಸಿಸ್ಟರ್ ಆಗಿದ್ದು, 1943ರಲ್ಲಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಕಟ್ಟಿದ್ದು. ಎಲ್ಲ ಸರಿಯೇ, ಆದರೆ ಪರೀಕ್ಷೆಗೆ ಬರೆದ ಹಾಗಿದೆ. ಒಂದನ್ನು ಮಾತ್ರ ಇಟ್ಟುಕೊಳ್ಳಿ. ಆ ಕಾಲದಲ್ಲಿ ವ್ರತ ತೆಗೆದುಕೊಂಡ ಸಿಸ್ಟರುಗಳು ಹೆರಿಗೆ ಮಾಡಿಸೋಕೆ ಚರ್ಚಿನ ನಿಯಮವೇ ಅಡ್ಡ ಇತ್ತು. ಗ್ಲೌರಿ ಅವರು ಸಿಸ್ಟರ್ ಆಗಿ ವೈದ್ಯಕೀಯ ಮಾಡೋಕೆ ಪೋಪರ ವಿಶೇಷ ಅನುಮತಿಯೇ ಬೇಕಾಯಿತು. ರೋಮ್ ಆ ಅಡ್ಡಿ ತೆಗೆದದ್ದು 1936ರಲ್ಲಿ. ಇದನ್ನು ನಿಮ್ಮ ಲೇಬರ್ ರೂಮಿನ ಪ್ಯಾರಾದೊಳಗೆ, ಸಿಸ್ಟರ್ ಮಗುವಿನ ಹೊಕ್ಕುಳ ಬಳ್ಳಿ ಕತ್ತರಿಸುವ ಜಾಗದಲ್ಲಿ ಎರಡು ವಾಕ್ಯದಲ್ಲಿ ಹೇಳಿ. ಆಗ ಓದುಗ ಆ ಕೈಗಳನ್ನು ಬೇರೆ ಥರ ನೋಡ್ತಾನೆ.

ದುಡ್ಡಿನ ವಿಷಯ ಪೂರ್ತಿ ಬಿಟ್ಟಿದ್ದೀರಿ. ಬಿಲ್ ಕೌಂಟರಿನಲ್ಲೂ ಒಬ್ಬ ಸಿಸ್ಟರ್ ಕೂತಿರುತ್ತಾರೆ ಅಂತ ಒಂದು ಕಡೆ ಸುಮ್ನೆ ಬಂದು ಹೋಗುತ್ತೆ. ಬಿಪಿಎಲ್ ಕಾರ್ಡ್ ಇಲ್ಲದವರು ಬಂದರೆ ಅವರು ಏನು ಮಾಡ್ತಾರೆ? ಯಾರಿಗೆ ಕಡಿಮೆ ಮಾಡ್ತಾರೆ, ಯಾರಿಗೆ ಇಲ್ಲ ಅಂತಾರೆ? ಅದೂ ಸೇವೆಯ ಭಾಗವೇ, ಬಹುಶಃ ಹೆಚ್ಚು ಕಷ್ಟದ ಭಾಗ. ಪಕ್ಕದಲ್ಲಿ ದುಡಿಯುವ ನರ್ಸಮ್ಮನ ಸಂಬಳ ಅವರ ಮನೆಗೆ ಹೋಗುತ್ತೆ, ಸಿಸ್ಟರ್ ಸಂಬಳ ಸಂಸ್ಥೆಗೆ ಹೋಗುತ್ತೆ. ಬಡತನದ ವ್ರತ ಅಂದ್ರೆ ಇದು ಅಂತ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಲೇಖನದಲ್ಲಿ ನೀವೇ ಇಲ್ಲ. ‘ಅಪ್ಪ ಆಳಂದದಿಂದ ಫೋನ್ ಮಾಡಿ, ತೊಗರಿ ರಾಶಿಗಾದರೂ ಬಂದು ಹೋಗು ಅಂದರು’ ಅಂತ ಒಂದೇ ಸಾಲು ಬರೆದು ದಾಟಿಬಿಟ್ಟಿದ್ದೀರಿ. ಹೋದಿರಾ? ಅಪ್ಪನಿಗೆ ಏನಂದಿರಿ? ನೊವಿಶಿಯೇಟ್ ಕನಿಷ್ಠ 12 ತಿಂಗಳು, ಆಮೇಲೆ ಮೊದಲ ವ್ರತ, ಅದಾಗಿ ಕನಿಷ್ಠ 3 ವರ್ಷದ ಮೇಲೆ ಕೊನೆಯ, ಜೀವನಪೂರ್ತಿಯ ವ್ರತ. ಅಂದ್ರೆ ಇವತ್ತು ನೀವು ಬೇಡ ಅಂತ ಚೀಲ ಎತ್ತಿಕೊಂಡು ಆಳಂದದ ಬಸ್ಸು ಹತ್ತಬಹುದು, ಯಾರೂ ತಡೆಯುವ ಹಾಗಿಲ್ಲ. ಹತ್ತಿಲ್ಲ ಯಾಕೆ? ಕೀವಿನ ವಾಸನೆಗೆ ಮೊದಲ ಸಲ ಹೊರಗೆ ಓಡಿದಿರಿ ಅಂತ ಪತ್ರದಲ್ಲಿ ಬರೆದಿದ್ದೀರಿ, ಲೇಖನದಲ್ಲಿ ಯಾಕಿಲ್ಲ? ಒಳಗೆ ಹೋಗುವ ಮುಂಚೆ ಹೊಸ್ತಿಲಲ್ಲಿ ನಿಂತು ನೋಡುವುದು ನಿಮ್ಮೊಬ್ಬರಿಗೆ ಸಾಧ್ಯ. ಕೊನೆಯ ವ್ರತ ಆದ ಸಿಸ್ಟರ್ ಈ ಲೇಖನ ಬರೆಯೋಕೆ ಆಗೋದಿಲ್ಲ.

ಇನ್ನು ರೋಗಿಗಳ ಹೆಸರು, ಊರು, ಕಾಯಿಲೆ ಮೂರನ್ನೂ ಹಾಗೇ ಕೊಟ್ಟಿದ್ದೀರಿ. ಬದಲಿಸಿ. ಟಿಬಿ ಇರುವ ಹುಡುಗಿಯ ಪ್ಯಾರಾ ಪೂರ್ತಿ ತೆಗೆಯಿರಿ. ಆ ಊರಿನವರೊಬ್ಬರು ಓದಿದರೂ ಅವಳ ಮದುವೆ ಮಾತು ಮುರಿಯಬಹುದು.

ಫೆಬ್ರವರಿ 11 ವಿಶ್ವ ರೋಗಿಗಳ ದಿನ. ಆ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ, ಜನವರಿ ಮೊದಲ ವಾರದೊಳಗೆ ತಿದ್ದಿ ಕಳಿಸಿ. ಕಳಿಸುವ ಮೊದಲು ನಿಮ್ಮ ಸುಪೀರಿಯರ್ (ಕಾನ್ವೆಂಟಿನ ಮುಖ್ಯಸ್ಥೆ) ಒಪ್ಪಿಗೆ ಕೇಳಿ. ಅವರು ಏನಾದರೂ ತೆಗೆಯಿರಿ ಅಂದರೆ ಏನು ಅಂತ ನನಗೂ ಹೇಳಿ, ಮಾತಾಡೋಣ. ಮತ್ತೆ ದಯವಿಟ್ಟು ಯೂನಿಕೋಡಿನಲ್ಲಿ ಟೈಪ್ ಮಾಡಿ. ಹಳೇ ‘ನುಡಿ’ ತಂತ್ರಾಂಶದ ಫೈಲು ಇಲ್ಲಿ ತೆರೆದರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗುತ್ತೆ.

ಇಂತಿ,
ಸಂಪಾದಕ