ಮೂರು ಭಾಷೆಗಳ ‘ನೇರ’

ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಯಾರೋ ‘ವಾಡು ನೇರಮು ಚೇಸಿನಾಡು’ ಎಂದದ್ದು ಕಿವಿಗೆ ಬಿದ್ದು, ಅವನು ಏನನ್ನು ನೇರ ಮಾಡಿದ ಎಂದು ಕೇಳಿದ್ದೀರಿ. ಏನನ್ನೂ ನೇರ ಮಾಡಲಿಲ್ಲ ಸ್ವಾಮಿ, ಅಪರಾಧ ಮಾಡಿದ. ತೆಲುಗಿನಲ್ಲಿ ನೇರಮು ಎಂದರೆ ಅಪರಾಧ. ಇಲ್ಲಿಂದ ಕೆಜಿಎಫ್‌ಗೆ ಹೋದರೆ ತಮಿಳರ ಬಾಯಲ್ಲಿ ಅದೇ ಸದ್ದಿಗೆ ಹೊತ್ತು, ಸಮಯ ಎಂದರ್ಥ. ‘ನೇರಮಾಚ್ಚು’ ಎಂದರೆ ತಡವಾಯಿತು. ಧಾರವಾಡದಿಂದ ಬಂದವರಿಗೆ ಇದು ತಮಾಷೆ. ಮನೆಯಲ್ಲಿ ತೆಲುಗು ಆಡಿ, ಠಾಣೆಯಲ್ಲಿ ಕನ್ನಡದ ಕಾಗದಕ್ಕೆ ರುಜು ಹಾಕುವ ನಮಗೆ ಅಷ್ಟು ತಮಾಷೆಯಲ್ಲ.

ಗಡಿಯಾಚೆ ಆಂಧ್ರದ ಪಲಮನೇರಿನಲ್ಲಿ ಪರೀಕ್ಷಾ ಶುಲ್ಕ ತಡವಾಗಿ ಕಟ್ಟಿದರೆ ‘ಅಪರಾಧ ರುಸುಮು’ ಕೊಡಬೇಕು. ಅದು ಬರೀ ದಂಡ. ಹುಡುಗರನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ನಾವು ‘ಆರೋಪಿ’ ಎನ್ನುವವನನ್ನು ಅಲ್ಲಿನ ಪತ್ರಿಕೆ ‘ನಿಂದಿತುಡು’ ಎನ್ನುತ್ತದೆ. ಕನ್ನಡದ ಕಿವಿಗೆ ಪಾಪ, ಯಾರೋ ಅವನನ್ನು ಬೈದ ಹಾಗಿರುತ್ತದೆ.

ತೊಡಕು ಬರುವುದು ದೂರು ಬರೆಯುವಾಗ. ಶ್ರೀನಿವಾಸಪುರದ ಕಡೆ ನಮ್ಮ ಬಂಧುಗಳೊಬ್ಬರ ಮಾವಿನ ತೋಟದಲ್ಲಿ ರಾತ್ರಿ ಕಾಯಿ ಹೋಯಿತು. ಕಾವಲುಗಾರ ‘ಅಂತಾ ದೋಚುಕುನಿ ಪೋಯಿನಾರು’ ಎಂದ. ಸಿಟ್ಟಿನ ಮಾತು ಅದು. ದೂರು ಬರೆದುಕೊಟ್ಟವರು ಅದನ್ನು ಹಾಗೆಯೇ ಕನ್ನಡಕ್ಕಿಳಿಸಿ ‘ದೋಚಿಕೊಂಡು ಹೋದರು, ಸುಲಿಗೆ ಮಾಡಿದರು’ ಎಂದು ಬರೆದರು. ಸುಲಿಗೆ ಎಂದಾಕ್ಷಣ ಕಾನೂನು ಬೇರೆ ಪ್ರಶ್ನೆ ಕೇಳುತ್ತದೆ: ಹೊಡೆದರೇ, ಕತ್ತಿ ತೋರಿಸಿದರೇ? ಕಾವಲುಗಾರ ಗೊರಕೆ ಹೊಡೆಯುತ್ತಿದ್ದ. ಕಳ್ಳರ ಮುಖವನ್ನೂ ನೋಡಿಲ್ಲ. ಯಾರಿಗೂ ತಿಳಿಯದಂತೆ ಒಯ್ದರೆ ಕಳವು, ಮೂರು ವರ್ಷದವರೆಗೆ ಸಜೆ. ಅದಕ್ಕಾಗಿ ಹಲ್ಲೆಯನ್ನೋ ತಕ್ಷಣದ ಜೀವಭಯವನ್ನೋ ಸೇರಿಸಿದರೆ ಸುಲಿಗೆ, ಹತ್ತು ವರ್ಷದವರೆಗೆ. ಸೂರ್ಯ ಮುಳುಗಿದ ಮೇಲೆ ಹೆದ್ದಾರಿಯಲ್ಲಾದರೆ ಹದಿನಾಲ್ಕು. ಐದು ಅಥವಾ ಹೆಚ್ಚು ಜನ ಸೇರಿ ಸುಲಿಗೆ ಮಾಡಿದರೆ ಡಕಾಯಿತಿ, ಜೀವಾವಧಿಯವರೆಗೂ ಹೋಗಬಹುದು. ಪತ್ರಿಕೆಗಳು ಇವೆಲ್ಲಕ್ಕೂ ‘ದರೋಡೆ’ ಎಂಬ ಒಂದೇ ತಲೆಬರಹ ಕೊಟ್ಟುಬಿಡುತ್ತವೆ, ಅದು ನನಗೆ ಹಿಡಿಸುವುದಿಲ್ಲ.

2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳವಿನ ಕಲಮು 379 ಈಗ 303. ವಂಚನೆಯ 420 ಈಗ 318. ಆದರೂ ನಮ್ಮಲ್ಲಿ ಮೋಸಗಾರ ಇನ್ನೂ ‘ಫೋರ್ ಟ್ವೆಂಟಿ’ಯೇ. ಆ ಬಿರುದನ್ನು ಮೂರು ಭಾಷೆಯವರೂ ಭೇದವಿಲ್ಲದೆ ಹಂಚಿಕೊಂಡಿದ್ದಾರೆ.

ನೀವು ಈ ಕಡೆ ಎಂದಾದರೂ ದೂರು ಕೊಡಬೇಕಾಗಿ ಬಂದರೆ, ಬರೆದದ್ದನ್ನು ಓದಿ ಹೇಳಿ ಎಂದು ಕೇಳಿ. ಮಾತಿನಲ್ಲಿ ಕೊಟ್ಟ ದೂರನ್ನು ಬರೆದುಕೊಂಡು ಓದಿ ಹೇಳಬೇಕು, ಪ್ರಥಮ ವರ್ತಮಾನ ವರದಿಯ (ಎಫ್‌ಐಆರ್) ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂದು ಪೊಲೀಸರು, ನ್ಯಾಯಾಲಯಗಳು ನಡೆದುಕೊಳ್ಳಬೇಕಾದ ರೀತಿಯನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿಯೇ ಇದೆ. ನಮ್ಮ ಬಂಧುಗಳು ಹಾಗೆ ಓದಿಸಿ ಕೇಳಿದ್ದರಿಂದ ‘ಸುಲಿಗೆ’ ಹೋಗಿ ‘ಕಳವು’ ಆಯಿತು. ಆದರೆ ಹೋದ ಕಾಯಿಯ ಬೆಲೆ 5,000 ರೂಪಾಯಿಗಿಂತ ಕಡಿಮೆ. ಹೊಸ ಕಾನೂನಿನಲ್ಲಿ ಅಷ್ಟು ಸಣ್ಣ ಕಳವು ‘ಅಸಂಜ್ಞೇಯ’, ಎಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗಿಳಿಯುವಂತಿಲ್ಲ. ನಮ್ಮ ಬಂಧುಗಳು ಮನೆಗೆ ಬಂದು ಬೇಲಿಗೆ ಇನ್ನೆರಡು ಹೊರೆ ಜಾಲಿಮುಳ್ಳು ಕಟ್ಟಿಸಿದರು. ಕಾವಲುಗಾರನ ಮಂಚವನ್ನು ಗೇಟಿನ ಹತ್ತಿರಕ್ಕೆ ಎಳೆಸಿದರು.