ಶಿಕ್ಷೆಯ ಲೆಕ್ಕ ಬೇರೆ, ನೊಂದವರ ಲೆಕ್ಕ ಬೇರೆ

ಅಪರಾಧಿಗೆ ದೊಡ್ಡ ಶಿಕ್ಷೆ ಆದರೆ ಮಾತ್ರ ನೊಂದವರಿಗೆ ನ್ಯಾಯ ಸಿಕ್ಕ ಹಾಗೆ ಅಲ್ವಾ, ಇಲ್ಲದಿದ್ದರೆ ಶಿಕ್ಷೆ ಇರುವುದಾದರೂ ಯಾಕೆ ಎಂದು ಕೇಳಿದ್ದೀರಿ. ನನಗೆ ಹಾಗೆ ಅನಿಸುವುದಿಲ್ಲ. ಇವು ಎರಡು ಬೇರೆ ಬೇರೆ ಲೆಕ್ಕ. ಒಂದು ತೀರಿದರೆ ಇನ್ನೊಂದು ತಾನಾಗಿ ತೀರುವುದಿಲ್ಲ.

ಶಿಕ್ಷೆಗೆ ಸಾಮಾನ್ಯವಾಗಿ ಕೊಡುವ ಕಾರಣಗಳನ್ನೇ ನೋಡಿ. ಮಾಡಿದ್ದನ್ನು ಅನುಭವಿಸಲಿ, ಉಳಿದವರು ಹೆದರಲಿ, ಅಪಾಯದ ಮನುಷ್ಯ ಹೊರಗೆ ಓಡಾಡದಿರಲಿ, ಸಾಧ್ಯವಾದರೆ ತಿದ್ದಿಕೊಳ್ಳಲಿ. ಎಲ್ಲವೂ ಅಪರಾಧಿಯ ಬಗ್ಗೆ, ಇಲ್ಲವೇ ಸಮಾಜದ ಬಗ್ಗೆ. ಇನ್ನು ಹೆದರಿಕೆಯ ಮಾತಿಗೆ ಬಂದರೆ, ಶಿಕ್ಷೆ ಎಷ್ಟು ಕಠಿಣ ಅನ್ನುವುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಅನ್ನುವುದೇ ಜನರನ್ನು ಜಾಸ್ತಿ ತಡೆಯುತ್ತದೆ. ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಇದನ್ನು ಹೇಳಿದ್ದ.

ನೊಂದವರ ಸಿಟ್ಟು ನ್ಯಾಯವಾದದ್ದೇ. ಆದರೆ ಶಿಕ್ಷೆಯನ್ನು ಆ ಸಿಟ್ಟಿನಿಂದಲೇ ಅಳೆಯಲು ಹೊರಟರೆ, ಹಿಂದೆ ಮುಂದೆ ಯಾರೂ ಇಲ್ಲದವನನ್ನು ಕೊಂದವನಿಗೆ ಕಡಿಮೆ ಶಿಕ್ಷೆ ಸಾಕಾ? ಅಳುವವರು ಇಲ್ಲ ಅಂತ ಆ ಜೀವ ಅಗ್ಗವಾಗುತ್ತದಾ?

ಹಾಗಾದರೆ ನೊಂದವರಿಗೆ ಏನು ಸಲ್ಲಬೇಕು? 3,700 ವರ್ಷಕ್ಕೂ ಹಿಂದಿನ, ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನಿನಲ್ಲಿ ಒಂದು ಮಾತಿದೆ. ದರೋಡೆ ಮಾಡಿದವನು ಸಿಗದೇ ಹೋದರೆ ಆ ಊರು ಮತ್ತು ಅದರ ಅಧಿಕಾರಿ ಸೇರಿ ನಷ್ಟ ತುಂಬಿಕೊಡಬೇಕು. ಜೀವ ಹೋಗಿದ್ದರೆ ಮನೆಯವರಿಗೆ ಬೆಳ್ಳಿ ಕೊಡಬೇಕು. ಅದೇ ಕಾನೂನಿನ ಕಣ್ಣಿಗೆ ಕಣ್ಣು ಮಾತ್ರ ಎಲ್ಲರಿಗೂ ನೆನಪಿದೆ, ಇದನ್ನು ಮರೆತೇಬಿಟ್ಟಿದ್ದೇವೆ! ಕಳ್ಳ ಸಿಕ್ಕಲಿ ಬಿಡಲಿ, ಕಾಪಾಡಬೇಕಾದವರ ಹೊಣೆ ಹೋಗುವುದಿಲ್ಲ ಅನ್ನುವುದು ಅದರ ಅರ್ಥ. ನಮ್ಮ ಕಾಲದಲ್ಲಿ ಸರ್ಕಾರವೇ ಪರಿಹಾರ ಕೊಡುವ ಕಾನೂನನ್ನು ನ್ಯೂಜಿಲೆಂಡ್ 1963ರಲ್ಲಿ ಮಾಡಿತು. ವಿಶ್ವಸಂಸ್ಥೆ ನೊಂದವರ ಹಕ್ಕುಗಳ ಬಗ್ಗೆ ಘೋಷಣೆ ಹೊರಡಿಸಿದ್ದು 1985ರಲ್ಲಿ.

ದುಡ್ಡೊಂದೇ ಅಲ್ಲ. ಕೇಸು ಎಲ್ಲಿಗೆ ಬಂತು ಎಂದು ಯಾರಾದರೂ ಹೇಳಬೇಕು. ಆರೋಪಿಗೆ ಜಾಮೀನು ಸಿಕ್ಕಿದ್ದು ಬೀದಿಯಲ್ಲಿ ಎದುರಾದಾಗ ಗೊತ್ತಾಗಬಾರದು. ಸಾಕ್ಷಿ ಹೇಳಲು ಬಂದವರನ್ನು ಅವನ ಕಡೆಯವರ ಪಕ್ಕದ ಬೆಂಚಿನಲ್ಲಿ ಗಂಟೆಗಟ್ಟಲೆ ಕೂರಿಸಬಾರದು. ಪುರಾವೆಗೆಂದು ತೆಗೆದುಕೊಂಡ ಗಾಡಿ, ಫೋನು ಬೇಗ ವಾಪಸ್ ಸಿಗಬೇಕು. ಇವು ಯಾವುದಕ್ಕೂ ತೀರ್ಪಿನ ತನಕ ಕಾಯಬೇಕಾಗಿಲ್ಲ.

ಮುಖಾಮುಖಿ ಮಾತಾಡಿಸುವ ದಾರಿಯೂ ಒಂದಿದೆ. 1974ರಲ್ಲಿ ಕೆನಡಾದ ಎಲ್ಮೀರಾದಲ್ಲಿ ಇಬ್ಬರು ಹುಡುಗರು ಒಂದೇ ರಾತ್ರಿ 22 ಕಡೆ ಹಾಳುಗೆಡವಿದ್ದರು. ನ್ಯಾಯಾಧೀಶರು ಅವರನ್ನು ನಷ್ಟವಾದವರ ಮನೆ ಬಾಗಿಲಿಗೇ ಕಳಿಸಿದರು. ಹುಡುಗರು ಹೋಗಿ ಮಾತಾಡಿದರು, ನಷ್ಟವನ್ನೂ ಕಟ್ಟಿಕೊಟ್ಟರು. ನನಗೆ ಈ ದಾರಿ ಇಷ್ಟ, ಆದರೆ ಎಲ್ಲದಕ್ಕೂ ಅಲ್ಲ. ಮನೆಯೊಳಗೆ ಹೊಡೆತ ತಿಂದವಳನ್ನು ಹೊಡೆದವನ ಎದುರು ಕೂರಿಸಿ ರಾಜಿ ಮಾಡಿಸುವುದು ಇನ್ನೊಂದು ಹಿಂಸೆ. ಭೇಟಿಯಾಗಲ್ಲ ಅಂದರೆ ಸುಮ್ನೆ ಒಪ್ಪಿಕೊಳ್ಳಬೇಕು. ಕ್ಷಮಿಸಿಬಿಡು ಎಂದು ಅವಳನ್ನು ಯಾರೂ ಒತ್ತಾಯ ಮಾಡಬಾರದು.